ಮರದ ಅರ್ಧ ಕಾಗದವಾಯಿತು, ಉಳಿದರ್ಧ ಎಲ್ಲಿ ಹೋಯಿತು?

ಹತ್ತಿರದಲ್ಲಿ ಒಂದು ಬಿಳಿ ಹಾಳೆ ಇದ್ದರೆ ಅದನ್ನು ನಿಧಾನಕ್ಕೆ ಹರಿದು, ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಅವು ನಾರು. ಒಂದೊಂದೂ ಯಾವುದೋ ಮರದೊಳಗೆ ನೀರು ಏರಿಸುವ, ಮರವನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಮಾಡಿಕೊಂಡಿದ್ದ ಜೀವಕೋಶ. ನಮ್ಮ ಕಡೆ ತಯಾರಾದ ಕಾಗದವಾದರೆ ಹೆಚ್ಚಾಗಿ ನೀಲಗಿರಿ, ಅಕೇಶಿಯಾ, ಸುಬಾಬುಲ್, ಗಾಳಿ ಮರ ಇವುಗಳದ್ದು. ನೀಲಗಿರಿಯ ನಾರು ಒಂದು ಮಿಲಿಮೀಟರ್ ಉದ್ದವೂ ಇರುವುದಿಲ್ಲ. ಬಿದಿರಿನದ್ದು ಅದರ ಎರಡು ಪಟ್ಟು ಇರಬಹುದು. ಚಳಿದೇಶಗಳ ಪೈನ್, ಸ್ಪ್ರೂಸ್ ಮರಗಳದ್ದು ಮೂರು ಮಿಲಿಮೀಟರ್ ಆಸುಪಾಸು. ಈ ಉದ್ದದ ಮೇಲೆ ಎಷ್ಟೆಲ್ಲಾ ನಿಂತಿದೆ ಗೊತ್ತಾ? ಸಿಮೆಂಟ್ ಚೀಲದ ಕಂದು ಕಾಗದಕ್ಕೆ ಉದ್ದ ನಾರು ಬೇಕು, ಇಲ್ಲದಿದ್ದರೆ ಎತ್ತಿದಾಗ ಹರಿಯುತ್ತದೆ. ಪುಸ್ತಕದ ನುಣುಪು ಹಾಳೆಗೆ ಗಿಡ್ಡ ನಾರೇ ಚೆನ್ನಾಗಿ ಹೊಂದುತ್ತದೆ.

ಕಾಗದದ ಬಗ್ಗೆ ಓದಲು ಶುರು ಮಾಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಒಣಗಿದ ಮರದಲ್ಲಿ ಸೆಲ್ಯುಲೋಸ್, ಅಂದರೆ ನಾರಿನ ಮೂಲ ವಸ್ತು, ನೂರಕ್ಕೆ 40ರಿಂದ 45 ಭಾಗ. ಅದರ ಹತ್ತಿರದ ನೆಂಟ ಹೆಮಿಸೆಲ್ಯುಲೋಸ್ 25-30. ಉಳಿದದ್ದರಲ್ಲಿ ಬಹುಪಾಲು ಲಿಗ್ನಿನ್. ಬರೆಯುವ ಕಾಗದಕ್ಕೆ ಬೇಕಾದದ್ದು ಸೆಲ್ಯುಲೋಸ್ ನಾರು ಮತ್ತು ಅದರ ಜೊತೆ ಸ್ವಲ್ಪ ಹೆಮಿಸೆಲ್ಯುಲೋಸ್. ಅಂದರೆ ಮರ ಕಡಿದು ಕಾರ್ಖಾನೆಗೆ ತಂದರೆ, ಅದರ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಪಲ್ಪ್, ಅಂದರೆ ಕಾಗದ ಮಾಡುವ ನಾರಿನ ಮುದ್ದೆ ಆಗುತ್ತದೆ. ಹಾಗಾದರೆ ಉಳಿದರ್ಧ? ಒಂದು ಕಾರ್ಖಾನೆ ಒಳ್ಳೆಯದೋ ಕೆಟ್ಟದ್ದೋ, ಪಕ್ಕದ ಹೊಳೆಯ ಮೀನು ಬದುಕುತ್ತದೋ ಇಲ್ಲವೋ, ಕರೆಂಟ್ ಬಿಲ್ ಎಷ್ಟು ಬರುತ್ತದೆ, ಊರಿಗೆ ಯಾವ ವಾಸನೆ ಬಡಿಯುತ್ತದೆ ಎಲ್ಲವೂ ಆ ಉಳಿದರ್ಧವನ್ನು ಏನು ಮಾಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಮಕ್ಕಳ ಪಾಠದಲ್ಲಿ ಕಾಗದದ ಯಂತ್ರದ ಚಿತ್ರ ಇರುತ್ತದೆ, ಈ ಭಾಗ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಿಗ್ನಿನ್ ಅಂದರೆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು. ಮರ ಮರದಷ್ಟು ಗಟ್ಟಿಯಾಗಿರುವುದು ಅದರಿಂದ. ಹತ್ತಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನೂರಾರು ವರ್ಷ ಯೂರೋಪಿನಲ್ಲಿ ಹಳೆ ಬಟ್ಟೆ, ಚಿಂದಿಯಿಂದಲೇ ಕಾಗದ ಮಾಡುತ್ತಿದ್ದರು. ಬೇಡಿಕೆ ಬೆಳೆದಂತೆ ಚಿಂದಿ ಸಾಲದೆ ಹೋಯಿತು. ಕಣಜಗಳು ಮರ ಕೆರೆದು ಅಗಿದು ಕಾಗದದಂಥ ಗೂಡು ಕಟ್ಟುತ್ತವೆ, ನಾವ್ಯಾಕೆ ಮರದಿಂದ ಕಾಗದ ಮಾಡಬಾರದು ಎಂದು ಫ್ರಾನ್ಸಿನ ರೋಮ್ಯೂರ್ 1719ರಲ್ಲೇ ಹೇಳಿದ್ದರು. ಅದು ಕೈಗೂಡಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1844ರ ಹೊತ್ತಿಗೆ ಜರ್ಮನಿಯಲ್ಲಿ ಕೆಲ್ಲರ್ ಎಂಬ ನೇಕಾರ ಒದ್ದೆ ಕಲ್ಲಿಗೆ ಮರ ಉಜ್ಜಿ ನಾರು ತೆಗೆದ. ಅದೇ ವರ್ಷ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಫೆನರ್ಟಿ ಎಂಬಾತ ತಾನು ಮರದಿಂದ ಮಾಡಿದ ಕಾಗದದ ತುಂಡನ್ನು ಪತ್ರಿಕೆಯೊಂದಕ್ಕೆ ಕಳಿಸಿಕೊಟ್ಟ. ಇಬ್ಬರಿಗೂ ದೊಡ್ಡ ದುಡ್ಡೇನೂ ಸಿಗಲಿಲ್ಲ.

ಕೆಲ್ಲರ್ ದಾರಿ ಸುಲಭ. ಮರವನ್ನು ತಿಕ್ಕಿ, ನೀರು ಹಾಕಿ, ಪುಡಿಯಾದದ್ದನ್ನೆಲ್ಲ ಕಾಗದ ಮಾಡುವುದು. ಹೆಚ್ಚೇನೂ ಹಾಳಾಗುವುದಿಲ್ಲ, ನೂರಕ್ಕೆ 90ಕ್ಕಿಂತ ಜಾಸ್ತಿ ಮರ ಕಾಗದವಾಗುತ್ತದೆ. ಆದರೆ ಲಿಗ್ನಿನ್ ಪೂರ್ತಿ ಒಳಗೇ ಉಳಿಯಿತು ಅಲ್ವಾ? ಅದು ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತದೆ. ಬಿಸಿಲಿಗೆ ಬಿಟ್ಟ ನ್ಯೂಸ್ ಪೇಪರ್ ನಾಲ್ಕು ದಿನದಲ್ಲಿ ಬಣ್ಣ ತಿರುಗುವುದು ಇದಕ್ಕೇ. ನಾರೂ ತುಂಡು ತುಂಡಾಗಿರುತ್ತದೆ, ಕಾಗದ ಬೇಗ ಹರಿಯುತ್ತದೆ. ಒಂದು ದಿನ ಓದಿ ಕಟ್ಟಿಡುವ ಪತ್ರಿಕೆಗೆ ಅದು ಸಾಕು. ಮನೆಯ ಕಪಾಟಿನಲ್ಲಿರುವ ಹಳೆ ಪುಸ್ತಕಗಳು ಕಂದಾಗಿ ಪುಡಿಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಶಾಯಿ ಹರಡದಿರಲಿ ಎಂದು ಹಿಂದೆ ಕಾಗದಕ್ಕೆ ರಾಳ ಮತ್ತು ಆಲಂ ಸೇರಿಸುತ್ತಿದ್ದರು. ಆಲಂ ಅಂದರೆ ಅಲ್ಯುಮಿನಿಯಂನ ಒಂದು ಲವಣ, ತೇವದ ಜೊತೆ ಸೇರಿ ಆಮ್ಲ ಹುಟ್ಟಿಸುತ್ತದೆ. ಅದು ವರ್ಷಗಟ್ಟಲೆ ಒಳಗೊಳಗೇ ನಾರನ್ನು ಕಡಿಯುತ್ತದೆ. ಕನ್ನಡದ ಎಷ್ಟೋ ಹಳೆಯ ಮುದ್ರಣಗಳು ಈಗ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿರುವುದನ್ನು ಗ್ರಂಥಾಲಯಗಳಲ್ಲಿ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ದಾರಿ ಬೇಯಿಸುವುದು. ಇವತ್ತು ಜಗತ್ತಿನಲ್ಲಿ ತಯಾರಾಗುವ ಮರದ ಪಲ್ಪ್‌ನಲ್ಲಿ ದೊಡ್ಡ ಪಾಲು ಇದರದ್ದೇ, ಕ್ರಾಫ್ಟ್ ವಿಧಾನ. ಜರ್ಮನಿಯ ಕಾರ್ಲ್ ದಾಲ್ ಇದನ್ನು ಕಂಡುಕೊಂಡು 1884ರಲ್ಲಿ ಪೇಟೆಂಟ್ ಪಡೆದರು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕೂಡ ಮರ ಬೇಯಿಸಿಯೇ ಪಲ್ಪ್ ತೆಗೆಯುತ್ತದೆ.

ಮೊದಲು ದಿಮ್ಮಿಯ ತೊಗಟೆ ಸುಲಿಯುತ್ತಾರೆ. ತೊಗಟೆಯಲ್ಲಿ ನಾರು ಕಡಿಮೆ, ಮರಳು ಮತ್ತು ಕಸ ಜಾಸ್ತಿ. ಆಮೇಲೆ ಚಿಪ್ಪರ್. ಸುತ್ತುವ ದೊಡ್ಡ ಉಕ್ಕಿನ ತಟ್ಟೆಗೆ ಅಲಗುಗಳನ್ನು ಕೂರಿಸಿರುತ್ತಾರೆ. ದಿಮ್ಮಿ ಒಳಗೆ ಹೋದರೆ ಕಣ್ಣು ಮಿಟುಕಿಸುವುದರಲ್ಲಿ ಚೂರುಗಳಾಗಿ ಆಚೆ ಬರುತ್ತದೆ. ಸುಮಾರು 20ರಿಂದ 25 ಮಿಲಿಮೀಟರ್ ಉದ್ದ, ದಪ್ಪ ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ. ದಪ್ಪ ಬಹಳ ಮುಖ್ಯ. ಚೂರು ದಪ್ಪವಾದರೆ ರಾಸಾಯನಿಕ ನಡುವಿನವರೆಗೆ ಇಳಿಯುವ ಮೊದಲೇ ಹೊರಗಿನದು ಬೆಂದುಬಿಡುತ್ತದೆ, ಒಳಗೆ ಹಸಿ ಗಂಟು ಉಳಿಯುತ್ತದೆ. ಅದಕ್ಕೇ ಚಿಪ್ಸ್‌ಗಳನ್ನು ಜರಡಿ ಹಿಡಿದು, ದೊಡ್ಡದನ್ನು ಮತ್ತೆ ಕತ್ತರಿಸಲು, ಪುಡಿಯನ್ನು ಬಾಯ್ಲರ್‌ಗೆ ಉರುವಲಾಗಿ ಕಳಿಸುತ್ತಾರೆ.

ಡೈಜೆಸ್ಟರ್ ಅನ್ನುವುದು ಹಲವು ಅಂತಸ್ತಿನ ಎತ್ತರದ ಪ್ರೆಶರ್ ಕುಕ್ಕರ್. ಅದರಲ್ಲಿ ಚಿಪ್ಸ್ ತುಂಬಿ, ಹಬೆ ಬಿಟ್ಟು ಒಳಗಿನ ಗಾಳಿ ಹೊರಡಿಸಿ, ವೈಟ್ ಲಿಕ್ಕರ್ ಎಂಬ ದ್ರಾವಣ ಸುರಿಯುತ್ತಾರೆ. ಅದರಲ್ಲಿ ಇರುವುದು ಎರಡು: ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್. ಒತ್ತಡದಲ್ಲಿ 160ರಿಂದ 170 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಏರಿಸಿ ಹಿಡಿದಿಡುತ್ತಾರೆ. ಕಾಸ್ಟಿಕ್ ಸೋಡಾ ಒಂದೇ ಇದ್ದರೂ ಲಿಗ್ನಿನ್ ಕರಗುತ್ತದೆ, ಆದರೆ ನಿಧಾನ, ಅಷ್ಟರಲ್ಲಿ ಸೆಲ್ಯುಲೋಸ್ ಕೂಡ ಏಟು ತಿಂದಿರುತ್ತದೆ. ಸಲ್ಫೈಡ್ ಸೇರಿಸಿದರೆ ಲಿಗ್ನಿನ್ ಬೇಗ ಒಡೆಯುತ್ತದೆ, ನಾರು ಗಟ್ಟಿಯಾಗಿ ಉಳಿಯುತ್ತದೆ. ದಾಲ್ ಕಂಡುಕೊಂಡ ಗುಟ್ಟು ಇಷ್ಟೇ. ಆದರೆ ಅದರ ಬೆಲೆ ವಾಸನೆ. ಗಂಧಕವು ಮರದ ಅಂಶಗಳ ಜೊತೆ ಸೇರಿ ಮಿಥೈಲ್ ಮರ್ಕ್ಯಾಪ್ಟನ್‌ನಂಥ ಅನಿಲಗಳಾಗುತ್ತವೆ. ಕೊಳೆತ ಎಲೆಕೋಸಿನ ಆ ವಾಸನೆಯನ್ನು ನಮ್ಮ ಮೂಗು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಈಗಿನ ಕಾರ್ಖಾನೆಗಳು ಆ ಅನಿಲವನ್ನು ಪೈಪಿನಲ್ಲಿ ಹಿಡಿದು ಸುಡುತ್ತವೆ. ಎಷ್ಟು ಚೆನ್ನಾಗಿ ಹಿಡಿಯುತ್ತವೆ ಅನ್ನುವುದು ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಇರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪೂರ್ತಿ ಲಿಗ್ನಿನ್ ತೆಗೆಯುವವರೆಗೂ ಬೇಯಿಸುವ ಹಾಗಿಲ್ಲ. ಒಂದು ಹಂತ ದಾಟಿದರೆ ಲಿಗ್ನಿನ್‌ಗಿಂತ ಸೆಲ್ಯುಲೋಸೇ ಜಾಸ್ತಿ ಹಾಳಾಗುತ್ತದೆ. ಅದಕ್ಕೇ ಕೆಲವು ಭಾಗ ಉಳಿದಿರುವಾಗಲೇ ನಿಲ್ಲಿಸುತ್ತಾರೆ. ಎಷ್ಟು ಉಳಿದಿದೆ ಎಂದು ಅಳೆಯುವ ಲೆಕ್ಕಕ್ಕೆ ಕಪ್ಪಾ ನಂಬರ್ ಎನ್ನುತ್ತಾರೆ. ಪಲ್ಪ್ ವಿಭಾಗದಲ್ಲಿ ಕೆಲಸ ಮಾಡುವವರ ಬಾಯಲ್ಲಿ ದಿನವಿಡೀ ಇದೇ ಮಾತು. ಕಪ್ಪಾ ಜಾಸ್ತಿ ಬಂದರೆ ಪಲ್ಪನ್ನು ಬಿಳಿ ಮಾಡುವ ಬ್ಲೀಚಿಂಗ್‌ನವರಿಗೆ ಕಷ್ಟ, ಕಡಿಮೆ ಬಂದರೆ ನಾರು ನಷ್ಟ.

ಒತ್ತಡ ಬಿಟ್ಟಾಗ ಚಿಪ್ಸ್ ಸಿಡಿದು ನಾರು ನಾರಾಗಿ ಬಿಡಿಸಿಕೊಳ್ಳುತ್ತವೆ. ಈಗ ನಮ್ಮ ಮುಂದೆ ಎರಡು ವಸ್ತುಗಳಿವೆ. ಒಂದು ಕಂದು ಬಣ್ಣದ ನಾರು. ಇನ್ನೊಂದು, ಆ ನಾರನ್ನು ತೊಳೆದಾಗ ಬರುವ ಕಡು ಕಪ್ಪು ದ್ರವ, ಬ್ಲ್ಯಾಕ್ ಲಿಕ್ಕರ್. ಮರದ ಉಳಿದರ್ಧ ಇದರೊಳಗೆ ಕರಗಿ ಕೂತಿದೆ. ಹಾಕಿದ ಸೋಡಾ, ಗಂಧಕ ಎಲ್ಲವೂ ಇದರಲ್ಲೇ ಇದೆ.

ಇದನ್ನು ಹೊಳೆಗೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಮೀನು ಸಾಯುತ್ತವೆ. ದೇಶದಲ್ಲಿ ಹುಲ್ಲು, ಗೋಧಿ ಕಡ್ಡಿ ಬೇಯಿಸಿ ಕಾಗದ ಮಾಡುತ್ತಿದ್ದ ಎಷ್ಟೋ ಸಣ್ಣ ಕಾರ್ಖಾನೆಗಳು ದಶಕಗಟ್ಟಲೆ ಮಾಡಿದ್ದು ಇದನ್ನೇ. ಅವರಿಗೆ ತಾಂತ್ರಿಕ ತೊಡಕೂ ಇತ್ತು. ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಅದು ಕಪ್ಪು ದ್ರವವನ್ನು ಇಂಗಿಸುವ ಯಂತ್ರಗಳ ಒಳಗೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಮರಕ್ಕೆ ಬದಲು ಹುಲ್ಲು ಬಳಸಿ, ಕಾಡು ಉಳಿಯುತ್ತದೆ ಎಂದು ಸುಮ್ನೆ ಹೇಳುವವರು ಈ ಭಾಗವನ್ನೂ ನೋಡಬೇಕು. ಕಾಡು ಉಳಿಸಿದ್ದು ಹೊಳೆಯಲ್ಲಿ ಕಳೆಯಬಾರದು.

ದೊಡ್ಡ ಕಾರ್ಖಾನೆಗಳು ಮಾಡುವುದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ಬ್ಲ್ಯಾಕ್ ಲಿಕ್ಕರ್ ತೊಳೆದು ಬರುವಾಗ ಅದರಲ್ಲಿ ನೂರಕ್ಕೆ 15 ಭಾಗದಷ್ಟು ಮಾತ್ರ ಘನವಸ್ತು, ಮಿಕ್ಕಿದ್ದು ನೀರು. ಅದನ್ನು ಸಾಲಾಗಿ ನಿಲ್ಲಿಸಿದ ಇವಾಪೊರೇಟರ್‌ಗಳಲ್ಲಿ ಕಾಯಿಸುತ್ತಾರೆ. ಒಂದರ ಹಬೆ ಮುಂದಿನದನ್ನು ಬಿಸಿ ಮಾಡುತ್ತದೆ, ಅದರ ಹಬೆ ಅದರ ಮುಂದಿನದನ್ನು. ಘನವಸ್ತು 65-70 ಭಾಗಕ್ಕೆ ಬಂದಾಗ ಅದು ಡಾಂಬರಿನ ಹದಕ್ಕೆ ಬಂದಿರುತ್ತದೆ. ಆಗ ಅದನ್ನು ರಿಕವರಿ ಬಾಯ್ಲರ್‌ನೊಳಗೆ ಸಿಂಪಡಿಸಿ ಸುಡುತ್ತಾರೆ. ಲಿಗ್ನಿನ್ ಒಳ್ಳೆಯ ಉರುವಲು. ಅದರ ಶಾಖದಿಂದ ಹಬೆ, ಹಬೆಯಿಂದ ಕರೆಂಟ್, ಅದೇ ಹಬೆ ಮುಂದೆ ಕಾಗದ ಒಣಗಿಸುವುದಕ್ಕೂ ಹೋಗುತ್ತದೆ. ಕುಲುಮೆಯ ತಳದಲ್ಲಿ ಉಳಿಯುವುದು ಕೆಂಪಗೆ ಕಾದು ಹರಿಯುವ ಸೋಡಿಯಂ ಲವಣ, ಅದಕ್ಕೆ ಸ್ಮೆಲ್ಟ್ ಎನ್ನುತ್ತಾರೆ. ಅದನ್ನು ನೀರಿನಲ್ಲಿ ಕರಗಿಸಿದರೆ ಗ್ರೀನ್ ಲಿಕ್ಕರ್. ಅದಕ್ಕೆ ಸುಟ್ಟ ಸುಣ್ಣ ಹಾಕಿದರೆ ಮತ್ತೆ ವೈಟ್ ಲಿಕ್ಕರ್! ಡೈಜೆಸ್ಟರ್‌ಗೆ ವಾಪಸ್. ತಳದಲ್ಲಿ ಕೂತ ಸುಣ್ಣದ ಕೆಸರನ್ನೂ ಗೂಡಿನಲ್ಲಿ ಸುಟ್ಟು ಮತ್ತೆ ಸುಣ್ಣ ಮಾಡುತ್ತಾರೆ. ಚೆನ್ನಾಗಿ ನಡೆಯುವ ಕಾರ್ಖಾನೆಯಲ್ಲಿ ಹಾಕಿದ ರಾಸಾಯನಿಕದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೀಗೆ ಸುತ್ತಿ ಸುತ್ತಿ ಬರುತ್ತದೆ. 1930ರ ದಶಕದಲ್ಲಿ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಈ ಬಾಯ್ಲರ್ ರೂಪಿಸಿದ ಮೇಲೆಯೇ ಕ್ರಾಫ್ಟ್ ವಿಧಾನ ಬೇರೆಲ್ಲವನ್ನೂ ಹಿಂದೆ ಹಾಕಿತು.

ಇಷ್ಟು ಅಪಾಯದ ಬೇರೆ ಬಾಯ್ಲರ್‌ಗಳು ಕೂಡ ಕಡಿಮೆ. ಕೊಳವೆ ಸೋರಿ ಆ ಕಾದ ಸ್ಮೆಲ್ಟ್ ಮೇಲೆ ನೀರು ಬಿದ್ದರೆ ಸ್ಫೋಟವಾಗುತ್ತದೆ. ಅನುಮಾನ ಬಂದ ತಕ್ಷಣ ಎಲ್ಲ ನಿಲ್ಲಿಸಿ, ಜನರನ್ನು ಆಚೆ ಕಳಿಸಿ, ಬಾಯ್ಲರ್‌ನ ನೀರು ಇಳಿಸಬೇಕು. ನಾವು ಪ್ರಿಂಟರ್‌ಗೆ ತುಂಬುವ ಹಾಳೆಯ ಹಿಂದೆ ಇಂಥ ಜಾಗದಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ.

ಈಗ ನಾರಿಗೆ ಬರೋಣ. ತೊಳೆದ ಪಲ್ಪ್ ಕಂದು. ಕಂದಾಗಿಯೇ ಬಿಟ್ಟರೆ ರಟ್ಟಿನ ಡಬ್ಬಿ, ಚೀಲ. ಬಿಳಿಯಾಗಬೇಕಾದರೆ ಉಳಿದ ಲಿಗ್ನಿನ್ ಹೋಗಬೇಕು. ದಶಕಗಳ ಕಾಲ ಇದಕ್ಕೆ ಕ್ಲೋರಿನ್ ಅನಿಲ ಬಳಸುತ್ತಿದ್ದರು. 1980ರ ದಶಕದಲ್ಲಿ ಅಂಥ ಕಾರ್ಖಾನೆಗಳ ಕೊಳೆ ನೀರಿನಲ್ಲಿ ಡಯಾಕ್ಸಿನ್ ಎಂಬ ಭಾರೀ ವಿಷ ಇರುವುದು ಗೊತ್ತಾಯಿತು. ಕ್ಲೋರಿನ್ ಲಿಗ್ನಿನ್‌ಗೆ ಅಂಟಿಕೊಂಡಾಗ ಹುಟ್ಟುವ ವಿಷಗಳಲ್ಲಿ ಅದೂ ಒಂದು. ಈಗ ಮೊದಲು ಆಮ್ಲಜನಕದಿಂದ ಒಂದು ಸುತ್ತು ಲಿಗ್ನಿನ್ ತೆಗೆದು, ಆಮೇಲೆ ಕ್ಲೋರಿನ್ ಡಯಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ಹೆಸರಿನಲ್ಲಿ ಕ್ಲೋರಿನ್ ಇದ್ದರೂ ಡಯಾಕ್ಸೈಡ್ ಕೆಲಸ ಮಾಡುವ ರೀತಿ ಬೇರೆ, ವಿಷ ಬಹಳ ಕಡಿಮೆ. ಆದರೂ ಒಂದು ಮಾತು. ಮಕ್ಕಳ ರಫ್ ನೋಟ್‌ಬುಕ್‌ಗೆ ಕಣ್ಣು ಕುಕ್ಕುವಷ್ಟು ಬಿಳಿ ಯಾಕೆ ಬೇಕು? ಸ್ವಲ್ಪ ಕೆನೆ ಬಣ್ಣದ ಹಾಳೆಯ ಮೇಲೆ ಅಕ್ಷರ ಇನ್ನೂ ಹಿತವಾಗಿ ಕಾಣುತ್ತದೆ. ಬಿಳಿ ಹೆಚ್ಚಾದಷ್ಟೂ ರಾಸಾಯನಿಕ, ನೀರು ಎರಡೂ ಹೆಚ್ಚು ಬೇಕು.

ಕಾಗದದಲ್ಲಿ ನಾರುಗಳನ್ನು ಹಿಡಿದಿಡುವುದು ಯಾವುದು? ಲಿಗ್ನಿನ್ ತೆಗೆದಾಯಿತು, ಗೋಂದು ಹಾಕಿಲ್ಲ. ಉತ್ತರ ನೀರಿನಲ್ಲಿದೆ. ಸೆಲ್ಯುಲೋಸ್‌ಗೆ ನೀರು ಕಂಡರೆ ಬಹಳ ಪ್ರೀತಿ. ಪಲ್ಪನ್ನು ರಿಫೈನರ್ ಎಂಬ ಯಂತ್ರದ ಎರಡು ತಟ್ಟೆಗಳ ನಡುವೆ ಹಾಯಿಸಿ ಅರೆಯುತ್ತಾರೆ. ನಾರಿನ ಹೊರಪದರ ಬಿಚ್ಚಿಕೊಂಡು ಮೈಮೇಲೆಲ್ಲ ಇನ್ನೂ ಸಣ್ಣ ಎಳೆಗಳು ಏಳುತ್ತವೆ, ನಾರು ನೀರು ಕುಡಿದು ಮೆತ್ತಗಾಗುತ್ತದೆ. ಹಾಳೆಯಾಗಿ ಒಣಗುವಾಗ ನೀರು ಹೊರಟುಹೋಗುತ್ತಾ ನಾರುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಕೊನೆಗೆ ಒಂದರ ಸೆಲ್ಯುಲೋಸ್ ಇನ್ನೊಂದರದ್ದಕ್ಕೆ ನೇರವಾಗಿ ಹೈಡ್ರೋಜನ್ ಬಂಧದಿಂದ ಕೂಡಿಕೊಳ್ಳುತ್ತದೆ. ಬಲಕ್ಕೆ ಸ್ವಲ್ಪ ಪಿಷ್ಟ ಸೇರಿಸುವುದುಂಟು, ಆದರೆ ಮುಖ್ಯ ಹಿಡಿತ ನಾರಿನದ್ದೇ. ಕಾಗದ ಒದ್ದೆಯಾದರೆ ಯಾಕೆ ಬಿಟ್ಟುಕೊಳ್ಳುತ್ತದೆ ಅನ್ನುವುದಕ್ಕೂ ಇದೇ ಉತ್ತರ. ನೀರು ಮತ್ತೆ ನಡುವೆ ನುಗ್ಗಿ ಆ ಬಂಧಗಳನ್ನು ಬಿಡಿಸುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು, ನಾನು ಮಾಡಿ ನೋಡಿದ್ದೇನೆ. ಬಳಸಿದ ಹಾಳೆಗಳನ್ನು ಚೂರು ಮಾಡಿ ರಾತ್ರಿಯಿಡೀ ನೆನೆಹಾಕಿ. ಅಡುಗೆಗೆ ಬಳಸದ ಹಳೆ ಮಿಕ್ಸಿಯಲ್ಲಿ ಧಾರಾಳ ನೀರು ಹಾಕಿ ತಿರುಗಿಸಿ. ಒಂದು ಟಬ್ಬಿನ ನೀರಿಗೆ ಆ ಮುದ್ದೆ ಸುರಿದು ಕೈಯಾಡಿಸಿ, ಸೊಳ್ಳೆ ಪರದೆಯ ಬಲೆ ಬಿಗಿದ ಚೌಕಟ್ಟನ್ನು ಅಡಿಯಿಂದ ಸಮವಾಗಿ ಎತ್ತಿ. ನೀರು ಸೋರುತ್ತದೆ, ಮೇಲೆ ತೆಳುವಾದ ಪದರ ಉಳಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸಿದರೆ ಒರಟು ಹಾಳೆ ತಯಾರು. ಹಾಳೆ ಸಮವಾಗಿ ಬರಬೇಕಾದರೆ ನೀವು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ನೀರು ಬೇಕು. ನೀರು ಕಡಿಮೆಯಾದರೆ ನಾರುಗಳು ಗಂಟು ಕಟ್ಟಿಕೊಳ್ಳುತ್ತವೆ.

ಕಾರ್ಖಾನೆಯ ಯಂತ್ರವೂ ಮಾಡುವುದು ಇದನ್ನೇ, ನಿಲ್ಲಿಸದೆ ಮಾಡುತ್ತದೆ ಅಷ್ಟೆ. 1799ರಲ್ಲಿ ಫ್ರಾನ್ಸಿನ ರಾಬರ್ ಪೇಟೆಂಟ್ ಪಡೆದ, ಇಂಗ್ಲೆಂಡಿನ ಫೋರ್ಡ್ರಿನಿಯರ್ ಸೋದರರು ಹಣ ಹಾಕಿ ಬೆಳೆಸಿದ ಯಂತ್ರವೇ ಇವತ್ತಿಗೂ ಮೂಲ. ಪಲ್ಪ್ ಬೆರೆತ ನೀರನ್ನು ಸಮವಾಗಿ ಹರಡುವ ಹೆಡ್‌ಬಾಕ್ಸ್‌ನಿಂದ ಓಡುವ ಜಾಲರಿಯ ಮೇಲೆ ಬೀಳುವ ದ್ರವದಲ್ಲಿ ನೂರಕ್ಕೆ 99 ಭಾಗಕ್ಕಿಂತ ಹೆಚ್ಚು ನೀರೇ. ಜಾಲರಿ ಮುಗಿಯುವ ಹೊತ್ತಿಗೆ ಘನವಸ್ತು 20ರ ಆಸುಪಾಸು, ಒತ್ತುವ ರೋಲರ್‌ಗಳನ್ನು ದಾಟಿದಾಗ 40-50, ಹಬೆಯಿಂದ ಬಿಸಿಯಾದ ಉರುಳೆಗಳನ್ನು ಸುತ್ತಿ ಹೊರಬಂದಾಗ ಉಳಿಯುವ ತೇವ ಐದಾರು ಭಾಗ. ಜಾಲರಿ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ನ್ಯೂಸ್ ಪೇಪರನ್ನು ಒಂದು ದಿಕ್ಕಿಗೆ ಹರಿದರೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಅಡ್ಡಾದಿಡ್ಡಿ ಹೋಗುತ್ತದೆ ಅಲ್ವಾ, ಅದಕ್ಕೆ ಇದೇ ಕಾರಣ. ಪುಸ್ತಕ ಕಟ್ಟುವವರು ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿ ಇರುವಂತೆ ನೋಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಪುಸ್ತಕ ಸರಿಯಾಗಿ ತೆರೆದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಬರೆಯುವ ಹಾಳೆಯ ತೂಕದಲ್ಲಿ ಆರನೇ ಒಂದು ಭಾಗದಷ್ಟೋ ಅದಕ್ಕಿಂತ ಜಾಸ್ತಿಯೋ ಕಲ್ಲಿನ ಪುಡಿ ಇರುತ್ತದೆ. ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಾರುಗಳ ನಡುವಿನ ಸಂದು ತುಂಬಿ ಹಾಳೆಯ ಹಿಂದಿನ ಅಕ್ಷರ ಮುಂದೆ ಕಾಣದಂತೆ ಮಾಡುವುದು ಅದು. ನಾರಿಗಿಂತ ಅಗ್ಗ ಕೂಡ. ಆಮ್ಲದ ಆಲಂ ಬಿಟ್ಟು ಬೇರೆ ರಾಸಾಯನಿಕ ಬಳಸಲು ಶುರು ಮಾಡಿದ ಮೇಲೆಯೇ ಇದನ್ನು ಹಾಕಲು ಸಾಧ್ಯವಾಯಿತು. ಹಾಗಾಗಿ ಈಗಿನ ಪುಸ್ತಕಗಳು ನಮ್ಮ ಅಜ್ಜಂದಿರ ಕಾಲದ ಪುಸ್ತಕಗಳಿಗಿಂತ ಹೆಚ್ಚು ಬಾಳುತ್ತವೆ.

ಇಷ್ಟೂ ಕಾರ್ಖಾನೆಯ ಗೋಡೆಯೊಳಗಿನ ಮಾತು. ಈ ಕೆಲಸಕ್ಕೆ ನಾರು ಎಲ್ಲಿಂದ ಬಂತು ಅನ್ನುವುದು ಕರ್ನಾಟಕದವರಿಗೆ ದೂರದ ಪ್ರಶ್ನೆ ಅಲ್ಲ.

ದಾಂಡೇಲಿಯ ಕಾರ್ಖಾನೆ 1959ರಲ್ಲಿ ಉತ್ಪಾದನೆ ಶುರು ಮಾಡಿತು. ಕಾಳಿ ನದಿಯ ನೀರು, ಉತ್ತರ ಕನ್ನಡದ ಬಿದಿರು. ಬಿದಿರು ಹುಲ್ಲಿನ ಜಾತಿಯಾದರೂ ಅದರ ನಾರು ಉದ್ದ, ಕಾಗದಕ್ಕೆ ಬಹಳ ಚೆನ್ನ. ಶುರುವಿನ ವರ್ಷಗಳಲ್ಲಿ ಸರ್ಕಾರ ಕಾಗದದ ಕಾರ್ಖಾನೆಗೆ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೆರಡು ರೂಪಾಯಿ ದರದಲ್ಲಿ. ಅದೇ ಬಿದಿರಿನಿಂದ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದಕ್ಕಿಂತ ನೂರಾರು ಪಟ್ಟು ಕೊಡಬೇಕಿತ್ತು. ಬಿದಿರು ಮುಗಿಯುತ್ತಿದೆ ಎಂದು ಅವರು ದೂರಿದಾಗ, 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅದರ ಅಧ್ಯಯನಕ್ಕೆ ಇಳಿದರು. ಅವರು ಕಂಡದ್ದರಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಅನುಕೂಲವಾಗಲಿ, ಹೊಸ ಕಳಲೆ ಸಲೀಸಾಗಿ ಬರಲಿ ಎಂದು ಅದನ್ನು ಸವರಿ ಹಾಕಿಸುತ್ತಿದ್ದರು. ಆದರೆ ಆ ಮುಳ್ಳೇ ಎಳೆ ಕಳಲೆಯನ್ನು ದನ, ಮುಸುವ, ಮುಳ್ಳುಹಂದಿಗಳ ಬಾಯಿಂದ ಕಾಯುತ್ತಿದ್ದದ್ದು. ಮುಳ್ಳು ಹೋದ ಮೆಳೆಯಲ್ಲಿ ಹೊಸ ಗಳು ಮೇಲೇಳಲಿಲ್ಲ. ಅಲ್ಲಿನ ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಬಿದಿರು ಕೈಕೊಟ್ಟ ಮೇಲೆ ಎಲ್ಲರ ಕಣ್ಣು ನೀಲಗಿರಿಯ ಮೇಲೆ. ನೇರ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ನಾಲ್ಕಾರು ವರ್ಷಕ್ಕೆ ಕಟಾವಿಗೆ ಬರುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ದನ ತಿನ್ನುವುದಿಲ್ಲ ಅನ್ನುವ ಗುಣವೇ ದನ ಸಾಕಿದವನಿಗೆ ದೋಷ. 1980ರ ದಶಕದಲ್ಲಿ ಸರ್ಕಾರ ಮತ್ತು ಹರಿಹರದ ಪಲ್ಪ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿಕೊಂಡು, ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಹಳ್ಳಿಯವರ ಪಾಲಿಗೆ ಅದು ದನ ಮೇಯುವ, ಸೌದೆ ಆಯುವ ಜಾಗ. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. ಅದು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ಶಿವರಾಮ ಕಾರಂತರು ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು. ಕೊನೆಗೆ ಆ ಕಂಪನಿಯನ್ನು ಮುಚ್ಚಬೇಕಾಯಿತು.

1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರ ಜೊತೆ ಸೇರಿ ಬೆಳೆಸಿಕೊಳ್ಳಬೇಕು ಎಂದಿತು. ಅದು ಸರಿಯಾದ ದಾರಿ ಎಂದೇ ನನ್ನ ನಂಬಿಕೆ. ಬದುವಿನಲ್ಲಿ, ಬೀಳು ಭೂಮಿಯಲ್ಲಿ ಸುಬಾಬುಲ್, ಗಾಳಿ ಮರ ಬೆಳೆದು ಮಾರುವ ರೈತನಿಗೆ ಅದು ಬೆಳೆ. ಬೆಲೆ ಬಿದ್ದರೆ ಅವನು ಬೇರೆ ಏನಾದರೂ ಬೆಳೆಯಬಹುದು. ಊರಿನ ಗೋಮಾಳಕ್ಕೋ ಗುಡ್ಡಕ್ಕೋ ಆ ಆಯ್ಕೆ ಇಲ್ಲ. ಹಳೆ ಕಾಗದವೂ ನಾರೇ. ಒಮ್ಮೆ ಒಣಗಿದ ನಾರು ಸ್ವಲ್ಪ ಬಿರುಸಾಗುತ್ತದೆ, ಪ್ರತಿ ಸಲ ಗಿಡ್ಡವಾಗುತ್ತಾ ಹೋಗುತ್ತದೆ. ಐದಾರು ಸುತ್ತು ಆದ ಮೇಲೆ ಜಾಲರಿಯಿಂದ ಕೆಳಗೆ ಸೋರಿಹೋಗುತ್ತದೆ. ಹಾಗಾಗಿ ಹೊಸ ನಾರು ಸ್ವಲ್ಪ ಬೇಕೇ ಬೇಕು. ಆದರೆ ಮನೆಯಲ್ಲಿ ರದ್ದಿಯನ್ನು ಒದ್ದೆ ಕಸದ ಜೊತೆ ಹಾಕಿದರೆ ಇನ್ನೂ ನಾಲ್ಕು ಸುತ್ತು ಬರಬೇಕಾದ ನಾರು ಅಲ್ಲೇ ಮುಗಿಯಿತು.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ್ದು. ರಾಜ್ಯದ ಎಷ್ಟೋ ಪಠ್ಯಪುಸ್ತಕ, ಪತ್ರಿಕೆಗಳಿಗೆ ಕಾಗದ ಕೊಟ್ಟದ್ದು. ಅದಕ್ಕೆಂದು ಮಲೆನಾಡಿನಲ್ಲಿ ಸರ್ಕಾರ ಅರಣ್ಯಭೂಮಿಯನ್ನು ಗುತ್ತಿಗೆಗೆ ಕೊಟ್ಟಿತ್ತು, ಅಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಿದರು. 2015ರ ಹೊತ್ತಿಗೆ ಯಂತ್ರಗಳು ನಿಂತವು. ಸಾವಿರಾರು ಕುಟುಂಬಗಳ ಬದುಕು ಅದರ ಜೊತೆ ನಿಂತಿತು, ಆ ನೋವು ಸಣ್ಣದಲ್ಲ. ಆದರೆ 2020ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ ಸರ್ಕಾರ ಸುಮಾರು 20,000 ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿತು. ಬೇಯಿಸುವ ಡೈಜೆಸ್ಟರ್ ತಣ್ಣಗಾಗಿತ್ತು, ಮರ ಬೆಳೆಸುವ ಗುತ್ತಿಗೆ ಮಾತ್ರ ಬೇಕಾಗಿತ್ತು. ಶಿವಮೊಗ್ಗದ ಹಳ್ಳಿಗಳಲ್ಲಿ ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಜನ ಎದ್ದದ್ದು ಆಗ.

ನಾನು ಆ ಜನರ ಪರ. ಕಾಗದ ಬೇಕು, ನಾನೇ ರೀಮುಗಟ್ಟಲೆ ಬಳಸುತ್ತೇನೆ, ಪುಸ್ತಕ ಇಲ್ಲದೆ ನನಗೆ ದಿನ ಹೋಗುವುದಿಲ್ಲ. ಆದರೆ ಅದಕ್ಕೆ ಬೇಕಾದ ನಾರನ್ನು ಹೊಲದ ಬದುವಿನಿಂದ, ರದ್ದಿಯಿಂದ, ಕಬ್ಬಿನ ಸಿಪ್ಪೆಯಿಂದ ತೆಗೆಯಬಹುದು. ತಮಿಳುನಾಡಿನ ಪುಗಳೂರಿನಲ್ಲಿ ಸರ್ಕಾರಿ ಕಾರ್ಖಾನೆಯೊಂದು ಕಬ್ಬಿನ ಸಿಪ್ಪೆಯಿಂದ ದೊಡ್ಡ ಪ್ರಮಾಣದಲ್ಲಿ ಕಾಗದ ಮಾಡಿ ತೋರಿಸಿದೆ, ಮಂಡ್ಯ ಬೆಳಗಾವಿ ಇರುವ ನಾಡಿಗೆ ಕಬ್ಬಿನ ಸಿಪ್ಪೆಗೆ ಬರವಿಲ್ಲ. ಮಲೆನಾಡಿನ ಆ ಗುಡ್ಡಗಳಲ್ಲಿ ನಿಂತಿರುವ ಅಕೇಶಿಯಾವನ್ನು ಕಟಾವಿಗೆ ಬಂದ ಹಾಗೆ ಕಡಿದು ಕಾಗದಕ್ಕೇ ಬಳಸಲಿ. ಮತ್ತೆ ಅದನ್ನೇ ನೆಡುವುದು ಬೇಡ. ಮತ್ತಿ, ಹೊನ್ನೆ, ನೇರಳೆ, ಬಿದಿರು ಅಲ್ಲಿ ಬರಲಿ, ಮೆಳೆಯ ಬುಡದ ಮುಳ್ಳನ್ನು ಹಾಗೇ ಬಿಡಲಿ.